ಕೈ ಕಟ್ಟಿಸಿದ ಮನೆ

2019ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ವೈಜಾಪುರದಿಂದ ವಿಡಿಯೊ ಕರೆ ಬಂತು. ಪರದೆಯಲ್ಲಿ ಹತ್ತು ತಿಂಗಳ ಕೂಸೊಂದು ಮುಷ್ಟಿ ಬಿಗಿದು ಬಿಡುತ್ತಿತ್ತು.

"ಹಾಲು ಕೇಳಾಕತ್ತಾಳ್ರಿ ಅಣ್ಣಾರ," ಎಂದರು ಕೂಸಿನ ಅಜ್ಜಿ ಶಾಂತಕ್ಕ.

ಕೂಸಿಗೆ ಕಿವಿ ಚೆನ್ನಾಗಿ ಕೇಳುತ್ತದೆ. ತಾಯಿ, ಶಾಂತಕ್ಕನ ಮಗಳು ಸುಧಾಗೆ ಹುಟ್ಟಿನಿಂದ ಕೇಳಿಸದು. ಮುಷ್ಟಿ ಬಿಗಿದು ಬಿಡುವುದು ಅವರ ಮನೆಯಲ್ಲಿ ಹಾಲಿನ ಸನ್ನೆ. ಆ ಮುಷ್ಟಿ ನೋಡುತ್ತ ನನಗೆ ನೆನಪಾದದ್ದು ಸುಧಾಳ ಬಾಲ್ಯದ ಕೈಗಳು. ಅವು ಸದಾ ಕಂಕುಳಲ್ಲಿ ಅಡಗಿರುತ್ತಿದ್ದವು.

ಆಗ ನಾಸಿಕ್‌ನಲ್ಲಿ ನಾವು ಅಕ್ಕಪಕ್ಕದವರು. ನಾನು ಮರಾಠಿ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದೆ. ಶಾಂತಕ್ಕನ ಗಂಡ ಕರ್ನಾಟಕದ ವಿಜಾಪುರದ ಕಡೆಯಿಂದ ವರ್ಗವಾಗಿ ಬಂದ ಕೇಂದ್ರ ಸರ್ಕಾರದ ನೌಕರರು. ಸುಧಾಳ ಕಿವಿ ಪರೀಕ್ಷಿಸಿದ ವೈದ್ಯರು ಎರಡು ಮಾತು ಹೇಳಿ ಕಳಿಸಿದ್ದರು: ಸನ್ನೆ ಮಾಡಲು ಬಿಡಬೇಡಿ, ಬಿಟ್ಟರೆ ಬಾಯಿಮಾತು ಬರುವುದಿಲ್ಲ; ಮನೆಯಲ್ಲಿ ಮರಾಠಿಯೊಂದೇ ಇರಲಿ. ಅಂದಿನಿಂದ ಆ ಮನೆಯಲ್ಲಿ ಕನ್ನಡ ಬಂದ್. ಅರೆಬರೆ ಮರಾಠಿಯ ಶಾಂತಕ್ಕ ಮಗಳೆದುರು ಕೂತು 'ಪಾಣೀ, ಪಾಣೀ' ಎಂದು ತುಟಿ ಆಡಿಸುತ್ತಿದ್ದರು. ಹುಡುಗಿ ಕೈಯೆತ್ತಿದರೆ, "ಕೈ ಕಟ್ಟು."

ಊರಿನಿಂದ ಬಂದ ಶಾಂತಕ್ಕನ ಅತ್ತೆಗೆ ಇದು ಹಿಡಿಸಲಿಲ್ಲ. "ಕೇಳಂಗಿಲ್ಲದ ಕೂಸಿನ ಮುಂದ ಕನ್ನಡ ಬ್ಯಾಡಂತೀಯಲ್ಲ, ಮರಾಠಿ ಏನ್ ಕಣ್ಣಿಂದ ಕೇಳತೈತೇನವಾ?"

"ಹೌದ್ರಿ ಅತ್ತಿ, ಕಣ್ಣಿಂದನ."

ಅತ್ತೆ ಅಡುಗೆಮನೆಗೆ ಹೋಗಿ ಪಾತ್ರೆಗಳ ಜೊತೆ ಕನ್ನಡ ಮಾತಾಡಿಕೊಂಡರು.

ಎಂಟು ತುಂಬಿದರೂ ಸುಧಾಗೆ ಬಂದದ್ದು ಬಿಡಿ ಪದಗಳು: ನೀರು, ಚಪ್ಪಲಿ, ಬಸ್ಸು. ಎರಡನ್ನು ಜೋಡಿಸಿ ಒಂದು ಮಾತು ಹೇಳಲು ಆಗುತ್ತಿರಲಿಲ್ಲ. ಅಷ್ಟರಲ್ಲಿ ತಂಗಿ ಮೀರಾ ಹುಟ್ಟಿದಳು. ಅವಳಿಗೂ ಕೇಳಿಸುವುದಿಲ್ಲವೆಂದು ತಿಳಿಯಿತು. ಔರಂಗಾಬಾದಿಗೆ ವರ್ಗವೂ ಆಯಿತು. ಅಲ್ಲಿ ಸುಧಾ ಸೇರಿದ ಕಿವುಡ ಮಕ್ಕಳ ಶಾಲೆಯಲ್ಲೂ ಪಾಠವೆಲ್ಲ ತುಟಿ ನೋಡಿಯೇ. ಆದರೆ ಊಟದ ಬಿಡುವಿನಲ್ಲಿ ಮಕ್ಕಳು ಅಂಗಳದಲ್ಲಿ ಕೈಯಿಂದ ಮಾತಾಡುತ್ತಿದ್ದರು.

ಮುಂದಿನದನ್ನು ಶಾಂತಕ್ಕನೇ ನನಗೆ ಹೇಳಿದ್ದು. ಒಂದು ಮಧ್ಯಾಹ್ನ ಸುಧಾ ಬಂದು ಸೆರಗು ಎಳೆದಳು. ತೊಟ್ಟಿಲತ್ತ ತಿರುಗಿ 'ತಂಗಿ' ಎಂದೊಂದು ಸನ್ನೆ, ಹೊಟ್ಟೆ ಮುಟ್ಟಿ 'ಹಸಿವು' ಎಂದಿನ್ನೊಂದು.

"ಕೈ ಕಟ್ಟು ಅನ್ನಾಕ ಬಾಯಿ ತಗದಿದ್ದೆರಿ. ಒಂಬತ್ತು ವರ್ಷ ಆದಮ್ಯಾಲ ನನ್ನ ಮಗಳು ನನಗ ಒಂದು ಮಾತು ಹೇಳ್ಯಾಳ. ಹೆಂಗ ಬ್ಯಾಡ ಅನ್ಲಿ? ಸಣ್ಣಾಕಿಗೂ ಕಲಿಸು ಅಂದೆ."

ಇಬ್ಬರೂ ಮೂಗರಾಗಿ ಉಳಿಯುತ್ತಾರೆ ಎಂದು ಗಂಡ ಮುನಿಸಿಕೊಂಡರು. ಕೆಲವು ತಿಂಗಳು ಆ ಮನೆಯಲ್ಲಿ ಮಾತಾಡದೆ ಇದ್ದವರು ಅವರೊಬ್ಬರೇ.

ಮೀರಾ ಸರಿಯಾಗಿ ನಡೆಯುವ ಮೊದಲೇ ಅಕ್ಕನ ಜೊತೆ ಕೈಯಲ್ಲಿ ಜಗಳವಾಡುತ್ತಿದ್ದಳು. ಶಾಲೆಯಲ್ಲಿ ಬರೆಯುವ ಮರಾಠಿ ಅವಳಿಗೆ ಎರಡನೆಯ ಭಾಷೆಯಾಗಿ ಸಲೀಸಾಗಿ ಬಂತು. ಸುಧಾಳ ಸನ್ನೆ ಸರಾಗವಾದರೂ ಬರಹದಲ್ಲಿ ಪದಗಳು ಇಂದಿಗೂ ಬಿಡಿಬಿಡಿಯಾಗಿ ನಿಲ್ಲುತ್ತವೆ. ಅದೇ ಮನೆ, ಅದೇ ಶಾಲೆ. ಬೇರೆಯಿದ್ದದ್ದು ಮೊದಲ ಭಾಷೆ ಸಿಕ್ಕ ವಯಸ್ಸು. ಕರಡು ತಿದ್ದುವವನ ಹುರುಪಿನಲ್ಲಿ ನಾನು ರಜೆಗೆ ಅವರಲ್ಲಿಗೆ ಹೋದಾಗಲೆಲ್ಲ ಸುಧಾಳಿಂದ ವಾಕ್ಯ ಬರೆಸುತ್ತಿದ್ದೆ. ಅವಳು ನನಗೆ ಸನ್ನೆ ಕಲಿಸಿದಳು. ನಾನು ಕೈಯಲ್ಲಿ 'ಚಹಾ ಬೇಡ' ಎಂದರೆ ಮೀರಾ ಬಿದ್ದು ಬಿದ್ದು ನಗುತ್ತಾಳೆ. ಯಾಕೆಂದು ಇನ್ನೂ ಹೇಳಿಲ್ಲ.

ಯಾರಿಗೇ ಸಂದೇಶ ಕಳಿಸುವುದಿದ್ದರೂ ಸುಧಾ ಮೊದಲು ತಂಗಿಯಿಂದ ತಿದ್ದಿಸುತ್ತಾಳೆ. ಜೂನ್‌ನಲ್ಲಿ ನನಗೊಂದು ಬಂತು. ಮೀರಾ ಅದನ್ನು ನೋಡಿಲ್ಲವೆಂಬುದು ಓದಿದೊಡನೆ ತಿಳಿಯಿತು. ಮರಾಠಿಯಲ್ಲಿ ಇಷ್ಟಿತ್ತು: "ಮಗಳು. ಸನ್ನೆ ಎರಡು ಜೊತೆ. ಹಾಲು, ಇನ್ನೂ."

ಮಗುವಿಗೆ ಆಗ ಹದಿಮೂರು ತಿಂಗಳು.