ಅಜ್ಜನ ಹೆಸರಿನ ಜಾಗದಲ್ಲಿ ಪ್ರಶ್ನೆಚಿಹ್ನೆ

ಇವತ್ತು ಕದ್ರಿಯ ನಮ್ಮ ಆಫೀಸಿನಲ್ಲಿ ಕಂಪ್ಯೂಟರಿನಲ್ಲಿ ಹಳೆಯ ಫೈಲೊಂದನ್ನು ತೆರೆದರೆ ಕನ್ನಡ ಅಕ್ಷರಗಳೆಲ್ಲ ಬರೀ ಚೌಕಗಳಾಗಿದ್ದವು. ತಟ್ಟನೆ ಅಜ್ಜಿಯ ನೆನಪಾಯಿತು.

ಅಜ್ಜ ತೀರಿಕೊಂಡಾಗ ಉತ್ತರಕ್ರಿಯೆಗೆ ಕರೆಯುವ ಕಾಗದ ಮಾಡಿಸಲು ಅಜ್ಜಿ ನನ್ನನ್ನು ಮಣ್ಣಗುಡ್ಡದ ಡಿಟಿಪಿ ಅಂಗಡಿಗೆ ಕರೆದೊಯ್ದಿದ್ದರು. ಅಲ್ಲಿದ್ದ ಅಕ್ಕ ಟೈಪ್ ಮಾಡಿದಂತೆಲ್ಲ ಕಂಪ್ಯೂಟರ್ ಹ್ಯಾಂಗ್ ಆಗುತ್ತಿತ್ತು. ಮೂರನೆಯ ಸಲ ಹೇಗೋ ಪ್ರಿಂಟ್ ಬಂತು. ಅಜ್ಜನ ಹೆಸರಿನ ಜಾಗದಲ್ಲಿ ಸಾಲಾಗಿ ಪ್ರಶ್ನೆಚಿಹ್ನೆಗಳಿದ್ದವು.

"ಇದೆಂತ ಮಾರಾಯ್ತಿ? ಸತ್ತದ್ದು ಯಾರೂಂತ ಇದಕ್ಕೇ ಗೊತ್ತಿಲ್ವಾ?" ಅಜ್ಜಿ ಕೇಳಿದರು.

ಅಕ್ಕ ನಗಲಿಲ್ಲ. ಕಂಪ್ಯೂಟರ್ ಆಫ್ ಮಾಡಿ, ಬಿಳಿ ಹಾಳೆಯಲ್ಲಿ ಇಡೀ ಕಾಗದವನ್ನು ಮುದ್ದಾದ ಅಕ್ಷರಗಳಲ್ಲಿ ಕೈಯಲ್ಲೇ ಬರೆದರು. "ಇದನ್ನೇ ಜೆರಾಕ್ಸ್ ಮಾಡಿ ಕೊಡ್ತೇನೆ ಅಜ್ಜಿ," ಎಂದರು.

ಅಲ್ಲಿಯವರೆಗೆ ಅಳದಿದ್ದ ಅಜ್ಜಿ, ಅಜ್ಜನ ಹೆಸರಿನ ಮೇಲೆ ಬೆರಳಿಟ್ಟು ಅತ್ತುಬಿಟ್ಟರು.

ಈಗ ಆ ಅಂಗಡಿ ಇಲ್ಲ. ಆ ಅಕ್ಕನ ಹೆಸರನ್ನು ನಾವು ಕೇಳಿಯೇ ಇರಲಿಲ್ಲ.