ಆಗ್ಬುಡುತ್ತೆ ಅಂದವರು

ಕಳೆದ ತಿಂಗಳು ಲಷ್ಕರ್ ಮೊಹಲ್ಲಾದ ಗ್ಯಾರೇಜೊಂದರ ಮುಂದೆ ಕೆಂಪು ಎಣ್ಣೆ ಚೆಲ್ಲಿತ್ತು. ಬಿಸಿಲಿಗೆ ಅದರ ವಾಸನೆ ಮೇಲೆದ್ದಿತ್ತು. ದಾಟಿಕೊಂಡು ಹೋಗಬೇಕಾದವಳು ನಿಂತುಬಿಟ್ಟೆ. ನಮ್ಮ ಹ್ಯಾಂಗರಿನಲ್ಲಿ ವಿಮಾನದ ಬ್ರೇಕಿಗೆ ಹಾಕುವ ಎಣ್ಣೆಗೂ ಇದೇ ಬಣ್ಣ, ಹೆಚ್ಚುಕಡಿಮೆ ಇದೇ ವಾಸನೆ. ಅಲ್ಲಿದ್ದ ಇಂಜಿನಿಯರ ಅಂಗಿಯ ತೋಳಿನಲ್ಲಿ ಅದು ಸದಾ ಇರುತ್ತಿತ್ತು...

ನಮ್ಮದು ವಿಮಾನ ಹಾರಿಸಲು ಕಲಿಸುವ ಶಾಲೆ. ಎಷ್ಟೋ ವರ್ಷಗಳ ಹಿಂದೆ ನಾನು ಅಲ್ಲಿ ಬಿಡಿಭಾಗಗಳ ಸ್ಟೋರಿಗೆ ಹೊಸದಾಗಿ ಸೇರಿದ್ದೆ. ಈಗಲೂ ಅಲ್ಲೇ ಇದ್ದೇನೆ. ಆಗ ರಿಪೇರಿಯ ಹೊಣೆಯೆಲ್ಲ ಇಂಜಿನಿಯರದು. ವಿಮಾನ ಕೆಟ್ಟು ನಿಲ್ಲುವುದಕ್ಕಿಂತ, ಬಿಚ್ಚಿಟ್ಟ ಮೇಲೆ ಬೇಕಾದ ಸಾಮಾನಿಲ್ಲದೆ ನಿಲ್ಲುವುದೇ ಹೆಚ್ಚು ಎನ್ನುತ್ತಿದ್ದರು. ಅದು ಹ್ಯಾಂಗರಿನೊಳಗೆ ಬರುವ ಮೊದಲೇ ಟೈರು, ವಾಷರು, ಸ್ಪ್ಯಾನರು ಎಲ್ಲವೂ ಮೇಜಿನ ಮೇಲಿರಬೇಕು. "ಎಣ್ಣೆ ಕಾದ ಮೇಲೆ ಸಾಸಿವೆ ಹುಡುಕೋಕೆ ಹೋಗಬಾರದು ಕಣಮ್ಮ" ಎಂದು ನನಗೆ ಹೇಳಿಕೊಟ್ಟಿದ್ದರು. ಬೆಳಗಿನ ಪಾಠಕ್ಕೂ ಸಂಜೆಯ ಪಾಠಕ್ಕೂ ನಡುವಿನ ಬಿಡುವಿನಲ್ಲೇ ಸಣ್ಣ ತಪಾಸಣೆಗಳನ್ನು ಮುಗಿಸುತ್ತಿದ್ದರು. ಅವರಿದ್ದಷ್ಟು ಕಾಲ ಯಾವ ವಿಮಾನವೂ ಸುಮ್ಮನೆ ನೆಲ ಹಿಡಿದಿರಲಿಲ್ಲ.

ಆ ದಿನ ಒಂದು ವಿಮಾನದ ಬ್ರೇಕ್ ಪೈಪು ಬದಲಾಯಿಸಿದ್ದರು. ಒಳಗೆ ಸೇರಿದ ಗಾಳಿಯನ್ನು ಹೊರತೆಗೆಯುವುದೊಂದು ಬಾಕಿ. ಆ ವಿಮಾನದ ಕೆಲಸ ಏನಾಯಿತೆಂದು ಕೇಳಲು ಶಾಲೆಯ ಮ್ಯಾನೇಜರ್ ಸ್ಟೋರಿನ ಫೋನಿಗೆ ಕರೆ ಮಾಡಿದರು. ಇಂಜಿನಿಯರು ನನ್ನ ಎದುರಿಗೇ ನಿಂತು ಹೇಳಿದ್ದು ಇಷ್ಟೇ: "ಆಗ್ಬುಡುತ್ತೆ ಸಾರ್."

ಫೋನಿಟ್ಟು, ಆಗಷ್ಟೇ ಇಳಿದಿದ್ದ ಇನ್ನೊಂದು ವಿಮಾನದ ಟೈರು ನೋಡಲು ಹೋದರು. ಮರಳುವಷ್ಟರಲ್ಲಿ ಮ್ಯಾನೇಜರ್ ಈ ವಿಮಾನವನ್ನು ಹೊರಗೆ ತಳ್ಳಿಸಿ, ಇಂಜಿನಿಯರ ಸಹಿಗೂ ಕಾಯದೆ ಪಾಠಕ್ಕೆ ಕಳಿಸಿಯಾಗಿತ್ತು. ರನ್‌ವೇಗೆ ಹೋಗುವ ತಿರುವಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಅದು ಚರಂಡಿಗೆ ಇಳಿದು, ಕಲಿಯುತ್ತಿದ್ದ ಹುಡುಗಿಯ ಭುಜ ಮುರಿಯಿತು. ಅವಳ ಕೂಗು ಸ್ಟೋರಿನವರೆಗೂ ಕೇಳಿಸಿತು.

ವಿಚಾರಣೆಗೆ ಬಂದವರಿಗೆ ಕನ್ನಡ ಬರುತ್ತಿರಲಿಲ್ಲ. ಕೇಳಿದ ಮಾತನ್ನು ಕೇಳಿದ ಹಾಗೇ ಹೇಳಿದೆ. ಅದನ್ನು ಇಂಗ್ಲಿಷಿಗೆ ಮಾಡಿದವರು ಮ್ಯಾನೇಜರೇ. ನಮ್ಮ ಕಡೆ 'ಬುಡು' ಸೇರಿದರೆ ಕೆಲಸ ಪೂರ್ತಿ ಮುಗಿದಿದೆ ಎಂದೇ ಅರ್ಥ ಎಂದು ವಿವರಿಸಿದರು. ಕೆಲಸ ಮುಗಿದ ಮೇಲೆ ನಿಧಾನವಾಗಿ ಸಹಿ ಹಾಕುವುದು ಇಂಜಿನಿಯರ ರೂಢಿ ಎಂದು ಸುಳ್ಳೂ ಸೇರಿಸಿದರು. ಇಲ್ಲ, ಅದು ಇನ್ನು ಆಗಬೇಕಾದ ಮಾತು ಎಂದು ನಾನು ನನ್ನ ಅರೆಬರೆ ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಹೇಳಿದೆ. ಬಂದವರು ತಲೆಯಾಡಿಸಿದರು. ಬರೆದುಕೊಂಡದ್ದು ಮಾತ್ರ ಮ್ಯಾನೇಜರರ ಮಾತನ್ನು.

ಇಂಜಿನಿಯರ ಕೆಲಸ ಹೋಯಿತು. ಮತ್ತೆ ಯಾರೂ ಅವರ ಕೈಗೆ ವಿಮಾನ ಕೊಡಲಿಲ್ಲ. ಮಂಡಿ ಮೊಹಲ್ಲಾದಲ್ಲಿ ನೀರಿನ ಪಂಪು ರಿಪೇರಿ ಮಾಡಿಕೊಂಡಿದ್ದು, ಅಲ್ಲಿಂದಲೇ ಆಸ್ಪತ್ರೆಗೆ, ಆಸ್ಪತ್ರೆಯಿಂದ ಚರ್ಚಿಗೆ... ಶವಪೆಟ್ಟಿಗೆಯ ಹಿಂದೆ ನಡೆಯುವಾಗ ನಾನು ಪ್ರಾರ್ಥನೆ ಮಾಡಲಿಲ್ಲ. ಮ್ಯಾನೇಜರ್ ಒಂದಲ್ಲ ಒಂದು ದಿನ ನನ್ನ ಬಾಯಿಂದ ಏನಾದರೂ ಕೇಳಲು ಬರಲಿ ಎಂದುಕೊಂಡೆ.

ಬಂದರು, ಫೋನಿನ ಮೂಲಕ. ನಿವೃತ್ತರಾಗಿ ಸಿದ್ಧಾರ್ಥನಗರದಲ್ಲಿದ್ದಾರೆ. ಅವರ ಮೊಮ್ಮಗಳು ನಮ್ಮಲ್ಲೇ ಕಲಿಯುತ್ತಿದ್ದಾಳೆ. ಅವಳು ಮೊದಲ ಸಲ ಒಬ್ಬಳೇ ಹಾರುವ ಹಿಂದಿನ ದಿನ ಫೋನ್ ಮಾಡಿದ್ದರು.

"ರಾತ್ರಿಯೆಲ್ಲ ನಿದ್ದೆ ಇಲ್ಲಮ್ಮ. ವಿಮಾನ ಚೆನ್ನಾಗೈತೆ ಅಂತ ನೀವೊಂದು ಮಾತು ಹೇಳ್ಬುಡಿ, ಸಾಕು."

ವಿಮಾನ ಚೆನ್ನಾಗಿಯೇ ಇತ್ತು. ಅದರ ಬ್ರೇಕನ್ನು ಇಂಜಿನಿಯರು ಕಲಿಸಿದ ಕೈಗಳೇ ಎರಡೆರಡು ಸಲ ನೋಡಿದ್ದವು. ಹುಡುಗಿಯ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಆ ಒಂದು ಮಾತು ನನ್ನ ನಾಲಗೆಯ ತುದಿಯಲ್ಲೇ ಇತ್ತು. ಕೊಡಲಿಲ್ಲ.

"ಬಾಯಿಮಾತಿಗೆ ವಿಮಾನ ಬಿಡೋದು ನಿಮ್ಮ ಕಾಲಕ್ಕೇ ನಿಂತೋಯ್ತು ಸಾರ್" ಅಂದೆ.

ನಾನೇ ಫೋನ್ ಇಟ್ಟೆ. ಮನಸ್ಸಿಗೆ ಹಿತವಾಗಿತ್ತು. ಸುಳ್ಳೇಕೆ ಹೇಳಲಿ.

ಹುಡುಗಿ ಹಾರಿದಳು, ಚೆನ್ನಾಗಿ ಇಳಿದಳು. ಈಗ ಅವಳು ಹಾರುವ ದಿನಗಳಲ್ಲೆಲ್ಲ ಅವಳ ಅಜ್ಜ ಬಂದು ಬೇಲಿಯ ತಂತಿ ಹಿಡಿದು, ಚಕ್ರ ನೆಲ ಮುಟ್ಟಿ ನಿಲ್ಲುವವರೆಗೂ ನಿಂತಿರುತ್ತಾರೆ. ಇವತ್ತೂ ಬಂದಿದ್ದರು. ಗೇಟಿನ ಕಾವಲಿನವನು ಸ್ಟೋರಿಗೆ ಬಂದು, "ಅಜ್ಜ ಬಿಸಿಲಲ್ಲೇ ನಿಂತವ್ರೆ, ಒಂದ್ ಕುರ್ಚಿ ಕೊಡ್ಲಾ ಮೇಡಮ್?" ಎಂದು ಕೇಳಿದ.

ಬೇಡ ಅಂದೆ.

ಇಂಜಿನಿಯರು ಇದ್ದಿದ್ದರೆ ಕುರ್ಚಿ ಕಳಿಸುತ್ತಿದ್ದರು. ಅವರಿಲ್ಲ.