ಮಿಕ್ಸಿ ಓಡುತ್ತಿರುವಾಗ

ನನ್ನ ಫೋನಿಗೆ ಬೀಗವಿಲ್ಲ. ಪಾಸ್‌ವರ್ಡ್ ಇಲ್ಲ, ಬೆರಳಚ್ಚು ಇಲ್ಲ, ಮುಖ ತೋರಿಸಿ ಒಳಗೆ ಬನ್ನಿ ಎನ್ನುವ ಉಪಚಾರವೂ ಇಲ್ಲ. ಯಾರು ಎತ್ತಿಕೊಂಡರೂ ತೆರೆದುಕೊಳ್ಳುತ್ತದೆ. ಇದರ ಬಗ್ಗೆ ನನಗೆ ಒಳಗೊಳಗೇ ಸ್ವಲ್ಪ ಜಂಬವಿತ್ತು ಎಂದು ಹೇಳಿಬಿಡುತ್ತೇನೆ. ಬೀಗವಿಲ್ಲದ ಫೋನು ಶುದ್ಧ ಮನಸ್ಸಿನ ಗುರುತು ಎಂದು ನಂಬಿದ್ದೆ. ವಾಯ್ಸ್ ಮೆಸೇಜು ಬಂದರೆ ಕಿವಿಗೆ ಹಿಡಿದು ಕೇಳುವ ಅಭ್ಯಾಸವೂ ನನಗಿಲ್ಲ. ಸ್ಪೀಕರ್ ಹಾಕಿ ಎದುರಿಗೆ ಇಟ್ಟುಕೊಳ್ಳುತ್ತೇನೆ. ಹೀಗಾಗಿ ನಮ್ಮ ಬಡಾವಣೆ ನವುಲೆಯಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ನಾವು ಕೂರುವ ಟೀ ಅಂಗಡಿಯವನಿಗೂ ನನ್ನ ಸಕ್ಕರೆ ಕಾಯಿಲೆಯ ರಿಪೋರ್ಟು ಬಾಯಿಪಾಠವಾಗಿದೆ.

ಆ ಅಂಗಡಿಯಲ್ಲಿ ನನ್ನ ಎದುರು ಪಕ್ಷ ಸದಾಶಿವ. ಕೋರ್ಟಿನಲ್ಲಿ ವಕೀಲ, ಟೀ ಕುಡಿಯುವಾಗಲೂ ವಕೀಲ. ಸರ್ಕಾರ ನಮ್ಮ ಫೋನಿನೊಳಗೆ ಕಿವಿ ಇಟ್ಟಿದೆ, ಇಲ್ಲದಿದ್ದರೆ ಇಡುವ ಕಾನೂನು ಹುಡುಕುತ್ತಿದೆ ಎನ್ನುವುದು ಅವನ ನಿತ್ಯದ ವಾದ. ಲ್ಯಾಪ್‌ಟಾಪಿನ ಕ್ಯಾಮೆರಾ ಮೇಲೆ ಹೆಂಡತಿಯ ಸ್ಟಿಕರ್ ಬಿಂದಿ ಅಂಟಿಸಿದ್ದಾನೆ. ಅವನ ಲ್ಯಾಪ್‌ಟಾಪು ಈಗ ಮುತ್ತೈದೆಯಂತೆ ಕಾಣುತ್ತದೆ.

“ನಮ್ಮಂಥೋರ ಹತ್ರ ಮುಚ್ಚಿಡೋಕೆ ಏನಿದೆಯೋ ಮಾರಾಯ? ಓದ್ಕೊಳ್ಳಲಿ ಬಿಡು. ತಪ್ಪು ಮಾಡಿದೋನಿಗೆ ತಾನೇ ಭಯ?” ಎನ್ನುವುದು ನನ್ನ ಸಿದ್ಧ ಉತ್ತರ.

“ಹಂಗಾದ್ರೆ ಸ್ನಾನಕ್ಕೆ ಹೋದಾಗ ಚಿಲಕ ಯಾಕೆ ಹಾಕ್ಕೊಳ್ತೀಯ? ಒಳಗೆ ಏನು ತಪ್ಪು ಮಾಡ್ತಿದೀಯ?” ಎಂದು ಅವನು ಒಂದು ದಿನ ಕೇಳಿಬಿಟ್ಟ. ನಾನು ಇನ್ನೊಂದು ಟೀ ಹೇಳಿದೆ.

ಆಳುವವರಿಗೆ ಪ್ರಜೆಗಳ ಮಾತು ಕೇಳುವ ಚಪಲ ಇವತ್ತಿನದಲ್ಲ. ಹಿಂದಿನ ಕಾಲದ ರಾಜರು ಗೂಢಚಾರರನ್ನು ಸನ್ಯಾಸಿ, ಭಿಕ್ಷುಕ, ಜ್ಯೋತಿಷಿಗಳ ವೇಷ ಹಾಕಿಸಿ ಬೀದಿಗೆ ಬಿಡುತ್ತಿದ್ದರಂತೆ. ಇನ್ನೂ ಶ್ರದ್ಧೆಯುಳ್ಳ ರಾಜ ತಾನೇ ಕಂಬಳಿ ಹೊದ್ದು ಹೊರಡುತ್ತಿದ್ದ. ಪಾಪ, ಯಾರ ಮನೆಯ ಗೋಡೆಗೋ ಆತುಕೊಂಡು, ಸೊಳ್ಳೆ ಕಡಿಸಿಕೊಂಡು, ತನ್ನನ್ನೇ ಬಯ್ಯುವುದನ್ನು ಕೇಳಿಸಿಕೊಂಡು ಅರಮನೆಗೆ ವಾಪಸಾಗಬೇಕಿತ್ತು. ಈಗಿನವರಿಗೆ ಆ ಶ್ರಮವಿಲ್ಲ. ಸೊಳ್ಳೆಯನ್ನೂ ನಮಗೇ ಬಿಟ್ಟು ಮಾತನ್ನಷ್ಟೇ ತೆಗೆದುಕೊಂಡು ಹೋಗುತ್ತಾರೆ.

ನನಗೆ ಗುಟ್ಟಿನ ಗೊಡವೆ ಬೇಡವಾಗಿದ್ದಕ್ಕೆ ಭದ್ರಾವತಿಯೂ ಕಾರಣವಿರಬಹುದು. ನಾವು ಬೆಳೆದದ್ದು ಅಲ್ಲಿಯ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಒಂದೇ ಗೋಡೆಗೆ ಎರಡು ಸಂಸಾರ. ನಮ್ಮಪ್ಪ ಸೀನಿದರೆ ಆಚೆಯಿಂದ ತಮಿಳಿನಲ್ಲಿ ಕಷಾಯದ ಸಲಹೆ ಬರುತ್ತಿತ್ತು. ಇಂಥ ಕಡೆ ಗುಟ್ಟು ಮಾತಾಡಲು ಹೆಂಗಸರು ಒಂದು ಉಪಾಯ ಕಂಡುಕೊಂಡಿದ್ದರು. ಮಿಕ್ಸಿ ಹಾಕಿ, ಅದು ಗುರ್ ಎನ್ನುವಷ್ಟು ಹೊತ್ತಿನಲ್ಲಿ ಹೇಳಬೇಕಾದ್ದನ್ನು ಕಿವಿಯಲ್ಲಿ ಹೇಳಿ ಮುಗಿಸುವುದು. ಹೊತ್ತಲ್ಲದ ಹೊತ್ತಿನಲ್ಲಿ ಯಾರ ಮನೆಯಲ್ಲಾದರೂ ಮಿಕ್ಸಿ ಓಡಿದರೆ, ರುಬ್ಬುತ್ತಿರುವುದು ಚಟ್ನಿಯಲ್ಲ ಎಂದು ಇಡೀ ಸಾಲಿಗೇ ತಿಳಿಯುತ್ತಿತ್ತು. ಏನು ಗುಟ್ಟು ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ.

ಗಿರಿಜಕ್ಕ ನನ್ನ ಒಬ್ಬಳೇ ಅಕ್ಕ. ಭದ್ರಾವತಿಯಲ್ಲೇ ಟೀಚರ್ ಆಗಿದ್ದು ನಿವೃತ್ತಳಾದವಳು. ಮದುವೆಯಾಗಲಿಲ್ಲ. ಯಾಕೆ ಎಂದು ಮೊದಮೊದಲು ಎಲ್ಲರೂ ಕೇಳುತ್ತಿದ್ದರು, ಆಮೇಲೆ ಯಾರೂ ಕೇಳಲಿಲ್ಲ. ಕಳೆದ ತಿಂಗಳು ಒಂದು ಶನಿವಾರ ಬೆಳಿಗ್ಗೆ ಅವಳ ವಾಯ್ಸ್ ಮೆಸೇಜು ಬಂತು. ನಾನು ಪದ್ಧತಿಯಂತೆ ಸ್ಪೀಕರ್ ಹಾಕಿ ಟೀ ಅಂಗಡಿಯ ಬೆಂಚಿನ ಮೇಲಿಟ್ಟೆ. “ತಮ್ಮಾ, ಒಂದು ವಿಷಯ...” ಎಂದದ್ದು ಕೇಳಿಸಿತು. ಆಮೇಲೆ ಗುರ್ರ್ ಎಂದು ಮಿಕ್ಸಿ ಶುರುವಾಯಿತು. ಕೊನೆಯವರೆಗೂ ಮಿಕ್ಸಿಯೇ. ಅದರ ಹಿಂದೆ ಅಕ್ಕನ ಧ್ವನಿ ಏಳುವುದು, ಬೀಳುವುದು, ಒಂದು ಕಡೆ ನಿಂತು ಮತ್ತೆ ಹೊರಡುವುದು ತಿಳಿಯುತ್ತಿತ್ತು. ಮಾತು ಒಂದೂ ತಿಳಿಯಲಿಲ್ಲ.

“ನೋಡೋ, ನಿಮ್ಮಕ್ಕ ನಿನಗಿಂತ ಬುದ್ಧಿವಂತೆ. ಇನ್ನು ಸರ್ಕಾರ ತಲೆ ಚಚ್ಕೊಂಡ್ರೂ ಅರ್ಥ ಆಗಲ್ಲ” ಎಂದು ಸದಾಶಿವ ತೊಡೆ ತಟ್ಟಿಕೊಂಡು ನಕ್ಕ. ಸರ್ಕಾರದ ಮಾತು ಹಾಗಿರಲಿ, ತಮ್ಮನಿಗೂ ಅರ್ಥವಾಗಿರಲಿಲ್ಲ. ಫೋನ್ ಮಾಡಿದರೆ, “ಎಲ್ಲಾ ಹೇಳಿದೀನಲ್ಲ? ಸೋಮವಾರದೊಳಗೆ ನಿಂಗೆ ಗೊತ್ತಾಗ್ಬೇಕಿತ್ತು, ಅಷ್ಟೇ” ಎಂದು ಇಟ್ಟುಬಿಟ್ಟಳು. ನನಗೆ ಭಯವಾಯಿತು. ಅರವತ್ತು ದಾಟಿದ ಒಂಟಿ ಹೆಂಗಸು ಸೋಮವಾರದೊಳಗೆ ಹೇಳಬೇಕಾದ್ದು ಆಸ್ಪತ್ರೆಯ ಸುದ್ದಿಯಲ್ಲದೆ ಮತ್ತೇನು? ವಾಕಿಂಗಿನ ಚಪ್ಪಲಿಯಲ್ಲೇ ಭದ್ರಾವತಿಯ ಬಸ್ಸು ಹತ್ತಿದೆ.

ಅಕ್ಕ ಆರೋಗ್ಯವಾಗಿಯೇ ಇದ್ದಳು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು. ನಾನು ಕೂರುವ ಮೊದಲೇ ಕೇಳಿದೆ: “ಯಾಕಕ್ಕಾ ಮಿಕ್ಸಿ ಹಾಕಿದ್ದು? ಸರ್ಕಾರ ಕೇಳುತ್ತೆ ಅಂತಾನಾ?”

“ಸರ್ಕಾರ ಕೇಳಿದ್ರೆ ಕೇಳ್ಲಿ. ಅದೇನು ನಾಳೆ ನಮ್ಮನೆಗೆ ಬಂದು ನನ್ನ ಮುಖ ನೋಡುತ್ತಾ? ನೀನು ಸ್ಪೀಕರ್ ಹಾಕಿ ಊರಿಗೆಲ್ಲ ಕೇಳಿಸ್ತೀಯಲ್ಲ, ಅದಕ್ಕೆ” ಎಂದಳು. ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, “ಬರೀ ಅದಕ್ಕೂ ಅಲ್ಲ ಕಣೋ. ಈ ಮಾತನ್ನ ನಾನು ಇದುವರೆಗೂ ಬಾಯಿಬಿಟ್ಟು ಆಡೇ ಇರ್ಲಿಲ್ಲ. ನನ್ನ ಕಿವಿಗೆ ಕೇಳೋಕೇ ನಾಚಿಕೆ. ಮಿಕ್ಸಿ ಹಾಕಿದ್ಮೇಲೆ ಧೈರ್ಯ ಬಂತು. ಪೂರ್ತಿ ಹೇಳಿ ಮುಗಿಸ್ದೆ. ನಿಂಗೆ ಕೇಳಿಸ್ಲಿಲ್ಲ ಅಂದ್ರೆ ಅದು ಬೇರೆ ವಿಷಯ” ಎಂದಳು.

“ಈಗ ಮಿಕ್ಸಿ ಇಲ್ದೆ ಹೇಳು.”

“ಆರೋಗ್ಯಸ್ವಾಮಿ, ನಾನು, ಮದುವೆ ಆಗ್ತಿದೀವಿ.”

ಆರೋಗ್ಯಸ್ವಾಮಿ ಅವಳ ಹಿಂದಿನ ಬೀದಿಯವರು. ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದರು, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರದು ಚರ್ಚು, ನಮ್ಮದು ಮಠ. ಎರಡು ಕಡೆಯವರಿಗೂ ತೊಂದರೆ ಬೇಡವೆಂದು ನೋಂದಣಿ ಕಚೇರಿಯನ್ನು ಆರಿಸಿಕೊಂಡಿದ್ದರು. “ಸೋಮವಾರ ಅಲ್ಲಿ ನೋಟಿಸ್ ಅಂಟಿಸ್ತಾರೆ. ಹೆಸರು, ವಯಸ್ಸು, ಅಡ್ರೆಸ್ಸು, ಫೋಟೊ ಎಲ್ಲಾ. ಒಂದು ತಿಂಗಳು ಹಂಗೇ ಇರುತ್ತೆ. ಆಕ್ಷೇಪಣೆ ಇದ್ದೋರು ಕೊಡಬಹುದಂತೆ. ಯಾರೋ ಅದನ್ನ ಓದಿ ನಿಂಗೆ ಫೋನ್ ಮಾಡೋ ಮೊದ್ಲು ನಾನೇ ಹೇಳ್ಬೇಕು ಅನ್ನಿಸ್ತು” ಎಂದಳು ಅಕ್ಕ.

ನಿಜ ಹೇಳಬೇಕೆಂದರೆ ನನಗೆ ಮೊದಲು ನೆನಪಾದದ್ದು ಕೋಟೆ ಬೀದಿಯ ನಮ್ಮ ಚಿಕ್ಕಪ್ಪನ ಮುಖ. ಅದರ ಹಿಂದೆಯೇ ಮಠದವರ, ಬೀಗರ, ಬಾಡಿಗೆದಾರರ ಮುಖಗಳೆಲ್ಲ ಸಾಲಾಗಿ ಬಂದವು. ಆಮೇಲೆ ಅಕ್ಕ ಸೆರಗಿನ ತುದಿಯನ್ನು ಇನ್ನೂ ಬೆರಳಿಗೆ ಸುತ್ತುತ್ತಲೇ ಇರುವುದು ಕಂಡಿತು. ನಾನು ಬೇಡವೆಂದರೂ ಅವಳು ಮದುವೆಯಾಗುತ್ತಿದ್ದಳು. ಆದರೆ ಆ ಅಂಜಿಕೆ ಅವಳ ಜೊತೆಗೇ ಹೋಗುತ್ತಿತ್ತು. ಏನಾದರೂ ಹೇಳಬೇಕಲ್ಲ, ಕೇಳಿದೆ: “ಅವರಿಗೂ ಸಕ್ಕರೆ ಕಾಯಿಲೆ ಇದೆಯಾ?”

“ಇದೆ.”

“ಹಂಗಾದ್ರೆ ನಮ್ಮೋರೇ ಬಿಡು.”

ಅಕ್ಕ ನಕ್ಕಳು, ನಗುತ್ತಲೇ ಅತ್ತಳು, ಅಳುತ್ತಲೇ ಕಾಫಿಗೆ ನೀರಿಟ್ಟಳು.

ವಾಪಸು ಬರುವಾಗ ಬಸ್ಸಿನಲ್ಲಿ ಸದಾಶಿವನ ಬಚ್ಚಲುಮನೆಯ ಪ್ರಶ್ನೆಗೆ ಉತ್ತರ ಹೊಳೆಯಿತು. ದೋಸೆ ಹಿಟ್ಟು ಹುದುಗಲು ಇಟ್ಟಾಗ ನಾವು ಪಾತ್ರೆಗೆ ಮುಚ್ಚಳ ಹಾಕುತ್ತೇವೆ. ಹಿಟ್ಟು ಕಳ್ಳಮಾಲು ಎಂದಲ್ಲ, ಇನ್ನೂ ಉಬ್ಬಬೇಕು ಎಂದು. ಯಾರೋ ಕೇಳುತ್ತಿದ್ದಾರೆ ಎಂಬ ಅನುಮಾನವಿರುವ ಕಡೆ ಮನುಷ್ಯ ತಪ್ಪು ಮಾಡುವುದನ್ನು ಬಿಡುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಹೊಸದಾಗಿ ಏನನ್ನೂ ಹೇಳಿ ನೋಡುವುದಿಲ್ಲ ಎಂಬುದು ಮಾತ್ರ ಖಂಡಿತ. ಮುಚ್ಚಿಡೋಕೆ ಏನಿದೆ ಎಂದು ನಾನು ಕೇಳುತ್ತಿದ್ದೆನಲ್ಲ, ಇದಿದೆ. ಮರುದಿನ ಸದಾಶಿವ ಮಿಕ್ಸಿಯ ರಹಸ್ಯ ಕೇಳಿದಾಗ, “ಚಟ್ನಿ ಮಾರಾಯ, ಕಾಯಿ ಚಟ್ನಿ” ಎಂದುಬಿಟ್ಟೆ. ಹೇಳದೆ ಇಟ್ಟುಕೊಳ್ಳುವುದರಲ್ಲಿ ಇಷ್ಟೊಂದು ಸುಖವಿದೆಯೆಂದು ಈ ವಯಸ್ಸಿನವರೆಗೂ ನನಗೆ ಗೊತ್ತಿರಲಿಲ್ಲ.

ತಮಾಷೆ ನೋಡಿ, ಯಾವ ಸರ್ಕಾರ ಕದ್ದು ಕೇಳುತ್ತದೆಂದು ನಾವು ವರ್ಷಗಟ್ಟಲೆ ಟೀ ಖರ್ಚು ಮಾಡಿ ವಾದಿಸಿದ್ದೆವೋ, ಅದೇ ಸರ್ಕಾರ ಅಕ್ಕನ ವಿಷಯವನ್ನು ಗೋಂದು ಹಚ್ಚಿ ಗೋಡೆಗೆ ಅಂಟಿಸಿತು. ಮಂಗಳವಾರ ನಾನು ಆ ಕಚೇರಿಗೆ ಹೋದೆ. ಯಾರಾದರೂ ತಕರಾರು ತೆಗೆಯುತ್ತಾರೇನೋ ಎಂಬ ಅಳುಕು ಒಳಗಿತ್ತು. ಗೋಡೆಯ ನೋಟಿಸ್ ಬೋರ್ಡಿನ ಮುಂದೆ, ಸೈಟಿನ ನೋಂದಣಿಗೆ ಬಂದಿದ್ದ ಒಬ್ಬ ಯಜಮಾನರು ನಿಂತು ಅಕ್ಷರ ಅಕ್ಷರ ಓದುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಬಹಳ ಹೊತ್ತು ಅದನ್ನೇ ನೋಡುತ್ತಿದ್ದದ್ದು ಅವರ ಗಮನಕ್ಕೆ ಬಂತು.

“ಏನ್ ಸಾರ್, ಆಕ್ಷೇಪಣೆ ಕೊಡಕ್ಕೆ ಬಂದ್ರಾ?”

“ಇಲ್ಲ, ನಮ್ಮಕ್ಕ. ಫೋಟೊ ಚೆನ್ನಾಗಿ ಬಂದಿದೆಯಾ ನೋಡೋಣ ಅಂತ ಬಂದೆ” ಎಂದೆ, ಆಫೀಸಿಗೆಲ್ಲ ಕೇಳುವ ಹಾಗೆ.

ಅವರು ಕನ್ನಡಕ ಸರಿಮಾಡಿಕೊಂಡು ಬೋರ್ಡಿಗೆ ಇನ್ನಷ್ಟು ಬಗ್ಗಿದರು. “ಚೆನ್ನಾಗಿ ಬಂದೈತೆ” ಎಂದರು.